ಪಕ್ಕದ ಮನೆಯ ಸಿಂಹ: ಮೈಸೂರು ಜೂ ನೋಡಿ ಬಂದ ಮೇಲೆ

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಇಟ್ಟಿಗೆಗೂಡಿನಲ್ಲಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಜೂ ಪಕ್ಕದ ಬಡಾವಣೆ. ಬೇರೆಯವರ ಮನೆಯಲ್ಲಿ ಬೆಳಗಿನ ಜಾವ ಕೋಳಿ ಕೂಗಿದರೆ ನಮ್ಮಲ್ಲಿ ಸಿಂಹ ಕೂಗುತ್ತಿತ್ತು. ಹೊಸದಾಗಿ ಬಂದ ನೆಂಟರು ನಡುರಾತ್ರಿ ಎದ್ದು ಕೂರುತ್ತಿದ್ದರು. ಅಮ್ಮ ಮಗ್ಗುಲು ಬದಲಿಸಿ, "ಏನಿಲ್ಲ, ಸಿಂಹ ಅಷ್ಟೇ, ಮಲಗಿ" ಅನ್ನುತ್ತಿದ್ದಳು.

ಇಷ್ಟು ಹತ್ತಿರ ಇದ್ದವರು ಒಳಗೆ ಹೋಗುವುದು ಕಮ್ಮಿ. ನೆಂಟರು ಬಂದಾಗ ಅವರ ಜೊತೆ ಒಂದು ಸುತ್ತು, ಸ್ಕೂಲಿನಿಂದ ಕರೆದುಕೊಂಡು ಹೋದಾಗ ಇನ್ನೊಂದು ಸುತ್ತು, ಮುಗೀತು. ಆಮೇಲೆ ಬೆಂಗಳೂರು, ಕೆಲಸ, ಬಾಡಿಗೆ ಮನೆ. ಈ ಸಲ ಪರೀಕ್ಷೆ ಮುಗಿಸಿ ಬಂದ ಅಕ್ಕನ ಮಗ, ಒಂಬತ್ತು ವರ್ಷದ ಪುಟ್ಟ, ಹಟ ಹಿಡಿದ. ಎಪ್ಪತ್ತಾರು ವರ್ಷದ ಅಪ್ಪನೂ "ನಾನೂ ಬರ್ತೀನಿ" ಅಂದರು. ಹೀಗೆ ಮೂರು ತಲೆಮಾರು ಒಂದು ಸೋಮವಾರ ಬೆಳಗ್ಗೆ ಗೇಟಿನ ಮುಂದೆ ನಿಂತೆವು. ಇದು ಆ ದಿನದ ವಿಮರ್ಶೆ. ಆದರೆ ಮೂವತ್ತು ವರ್ಷ ಪಕ್ಕದಲ್ಲಿದ್ದವಳು ಬರೆದದ್ದು, ಸ್ವಲ್ಪ ಪಕ್ಷಪಾತ ಇರುತ್ತದೆ, ಹೇಳಿಬಿಟ್ಟಿದ್ದೇನೆ.

ಮೊದಲು ಉಪಯೋಗಕ್ಕೆ ಬರುವ ಮಾತು. ಬೆಳಗ್ಗೆ ಎಂಟೂವರೆಗೆ ತೆಗೆಯುತ್ತಾರೆ, ಆ ಹೊತ್ತಿಗೇ ಹೋಗಿ. ಪ್ರಾಣಿಗಳೂ ಆಗ ಓಡಾಡುತ್ತಿರುತ್ತವೆ, ಬಿಸಿಲೂ ಇರುವುದಿಲ್ಲ. ಮಂಗಳವಾರ ರಜೆ. ದಸರಾ, ಬೇಸಿಗೆ ರಜೆಯ ಸಮಯದಲ್ಲಿ ಮಂಗಳವಾರವೂ ತೆರೆಯುವುದುಂಟು, ವಿಚಾರಿಸಿಕೊಂಡು ಹೊರಡಿ. ವಾರಾಂತ್ಯದಲ್ಲಿ ಟಿಕೆಟ್ ಸ್ವಲ್ಪ ಜಾಸ್ತಿ, ಜನ ಅದಕ್ಕಿಂತ ಜಾಸ್ತಿ. ಪಕ್ಕದ ಕಾರಂಜಿ ಕೆರೆಗೂ ಸೇರಿಸಿ ಒಟ್ಟಿಗೆ ಟಿಕೆಟ್ ಸಿಗುತ್ತದೆ. ನಡೆಯಲು ಆಗದವರಿಗೆ ಬ್ಯಾಟರಿ ಗಾಡಿ ಇದೆ. ಪ್ಲಾಸ್ಟಿಕ್ ವಿಷಯದಲ್ಲಿ ಗೇಟಿನವರು ಬಿಗಿ, ಚೀಲ ನೋಡಿಯೇ ಬಿಡುತ್ತಾರೆ. ಸ್ಟೀಲ್ ಬಾಟಲಿಯಲ್ಲಿ ನೀರು ತಂದರೆ ಯಾವ ತಕರಾರೂ ಇಲ್ಲ. ನಾನು ತಂದಿದ್ದೆ. ಅಪ್ಪನ ಜೇಬಿನಲ್ಲಿದ್ದ ಚಿಪ್ಸ್ ಪ್ಯಾಕೆಟ್ ಮಾತ್ರ ಸಿಕ್ಕಿಬಿತ್ತು. ಡಾಕ್ಟರು ಬೇಡ ಅಂದಿದ್ದ ಚಿಪ್ಸ್ ಅದು. ಅವರು ಜೂ ಸಿಬ್ಬಂದಿಗಿಂತ ನನಗೇ ಜಾಸ್ತಿ ಹೆದರಿದರು.

ಒಳಗೆ ಹೋಗಿ ಸ್ವಲ್ಪ ದೂರಕ್ಕೇ ಜಿರಾಫೆ. ಎಲ್ಲರೂ ಅಲ್ಲೇ ನಿಲ್ಲುತ್ತಾರೆ, ಎಲ್ಲರೂ ಅಲ್ಲೇ ಫೋಟೊ ತೆಗೆಯುತ್ತಾರೆ, ನಾವೂ ತೆಗೆದೆವು. ನಿಜಕ್ಕೂ ಚೆಂದ. ಮೈಸೂರಿನಲ್ಲಿ ಹುಟ್ಟಿದ ಜಿರಾಫೆಗಳು ಬೇರೆ ಊರುಗಳ ಜೂಗಳಿಗೂ ಹೋಗಿವೆ. ಬನ್ನೇರುಘಟ್ಟಕ್ಕೆ ಹೋದದ್ದು ಇಲ್ಲಿಂದಲೇ. ಪುಟ್ಟ, "ಎಷ್ಟಕ್ಕೆ ಮಾರ್ತಾರೆ ಚಿಕ್ಕಮ್ಮ?" ಅಂದ. ಮಾರುವುದಲ್ಲ ಕಣೋ, ಬದಲಾಯಿಸಿಕೊಳ್ಳುತ್ತಾರೆ ಅಂದೆ. ನೀನು ನಿನ್ನ ಹತ್ತಿರ ಎರಡಿರುವ ಕ್ರಿಕೆಟ್ ಕಾರ್ಡ್ ಕೊಟ್ಟು ಇಲ್ಲದ್ದು ತಗೊಳ್ಳಲ್ವಾ, ಹಾಗೆ. ಅವನಿಗೆ ತಕ್ಷಣ ಅರ್ಥವಾಯಿತು. ಜೂಗಳ ನಡುವೆ ಪ್ರಾಣಿ ಹೋಗಬೇಕಾದರೆ ದೆಹಲಿಯ ಕೇಂದ್ರ ಮೃಗಾಲಯ ಪ್ರಾಧಿಕಾರ ಒಪ್ಪಬೇಕು. 1992ರಲ್ಲಿ ಶುರುವಾದ ಸಂಸ್ಥೆ ಅದು. ಯಾವ ಜೂ ನಡೆಯಬೇಕು, ಯಾವುದು ಮುಚ್ಚಬೇಕು, ಪ್ರಾಣಿಗೆ ಎಷ್ಟು ಜಾಗ ಕೊಡಬೇಕು ಎನ್ನುವುದನ್ನೆಲ್ಲ ನೋಡುವುದು ಅದೇ. ವಾರಕ್ಕೆ ಒಂದು ದಿನ ಬಾಗಿಲು ಹಾಕಬೇಕು ಅನ್ನುವುದೂ ಅಲ್ಲಿನ ನಿಯಮವೇ. ನಮ್ಮ ಮಂಗಳವಾರ ಬಂದದ್ದು ಹಾಗೆ.

ಚಿಕ್ಕವಳಿದ್ದಾಗ ಬೇರೊಂದು ಊರಿನಲ್ಲಿ ಒಂದು ಸಣ್ಣ ಮೃಗಾಲಯ ನೋಡಿದ್ದೆ. ಹೆಸರು ಬೇಡ. ಸಿಮೆಂಟಿನ ನೆಲ, ಕಬ್ಬಿಣದ ಸರಳು, ಒಳಗೆ ಒಂದು ಹುಲಿ. ಆರು ಹೆಜ್ಜೆ ಆ ಕಡೆ, ತಿರುಗಿ ಆರು ಹೆಜ್ಜೆ ಈ ಕಡೆ. ನಾನು ಎಣಿಸಿದ್ದೆ, ಅದಕ್ಕೇ ನೆನಪಿದೆ. ಜನ ಕಡ್ಡಿ ತೂರಿಸಿ ಎಬ್ಬಿಸುತ್ತಿದ್ದರು. ಆ ಹುಲಿಯನ್ನು ನೋಡಿದ ಮೇಲೆ ಮೈಸೂರು ಜೂನ ಬೆಲೆ ಗೊತ್ತಾಯಿತು. ಇಲ್ಲಿ ಬೋನು ಕಮ್ಮಿ, ಕಂದಕ ಜಾಸ್ತಿ. ನಿಮ್ಮ ಮತ್ತು ಹುಲಿಯ ನಡುವೆ ಹಳ್ಳ, ಆ ಕಡೆ ಮರ, ಹುಲ್ಲು, ನೆರಳು. ಹುಲಿಗೆ ಇಷ್ಟವಿಲ್ಲದಿದ್ದರೆ ನಿಮ್ಮ ಕಣ್ಣಿಗೆ ಬೀಳದೆ ಮಲಗಬಹುದು. ಕೆಲವರು "ದುಡ್ಡು ಕೊಟ್ಟು ಬಂದ್ರೂ ಹುಲಿ ಕಾಣಲ್ಲ" ಅಂತ ಗೊಣಗುತ್ತಾರೆ. ನನ್ನ ಪ್ರಕಾರ ಹುಲಿ ಕಾಣದಿದ್ದರೆ ಜೂ ಚೆನ್ನಾಗಿದೆ ಅಂತಲೇ ಅರ್ಥ.

ಅಂದ ಹಾಗೆ, ಈ ಜೂ ಶುರುವಾದದ್ದು ಅರಮನೆಯ ತೋಟದಲ್ಲಿ. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ಹತ್ತು ಎಕರೆ ಚಿಲ್ಲರೆ ಜಾಗದಲ್ಲಿ ಪ್ರಾಣಿಗಳನ್ನು ಸಾಕಿಸಿದರು. ಆಗ ಇದಕ್ಕೆ ಖಾಸ್ ಬಂಗಲೆ ಅಂತ ಹೆಸರು. ಮೊದಲ ಸೂಪರಿಂಟೆಂಡೆಂಟ್ ಎ.ಸಿ. ಹ್ಯೂಸ್ ಅನ್ನುವವರು. ಜೂ ಶುರುವಾಗಿ ಎರಡೇ ವರ್ಷಕ್ಕೆ, 1894ರಲ್ಲಿ, ಮಹಾರಾಜರು ಕಲ್ಕತ್ತಾದಲ್ಲಿ ತೀರಿಹೋದರು. ಬರೀ 31 ವರ್ಷ. 1909ರಲ್ಲಿ ಅವರ ಹೆಸರೇ ಇಟ್ಟರು, ಚಾಮರಾಜೇಂದ್ರ ಮೃಗಾಲಯ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ತೋಟದ ಇಲಾಖೆಯವರ ಕೈಗೆ ಬಂತು. 1972ರಲ್ಲಿ ಅರಣ್ಯ ಇಲಾಖೆಗೆ, 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ. ಇವತ್ತು ಕಾರಂಜಿ ಕೆರೆಯೂ ಸೇರಿ 150 ಎಕರೆ ದಾಟಿದೆ.

ಈ ಸಾಲಿನಲ್ಲಿ ನನಗೆ ಮುಖ್ಯ ಅನಿಸುವುದು 1972. ತೋಟದ ಇಲಾಖೆಯ ಕೈಯಲ್ಲಿದ್ದಾಗ ಪ್ರಾಣಿ ಅಂದರೆ ತೋಟದ ಅಲಂಕಾರ, ಗುಲಾಬಿ ಗಿಡದ ಹಾಗೆ. ಅರಣ್ಯ ಇಲಾಖೆಗೆ ಬಂದ ವರ್ಷವೇ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂತು. ಅದಕ್ಕೆ ಒಂದು ವರ್ಷ ಮೊದಲು, 1971ರಲ್ಲಿ, ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಿತ್ತು. ಆನೆಗಳನ್ನು ಅಟ್ಟಿಸಿಕೊಂಡು ಬಂದು ಹಿಡಿಯುವುದನ್ನು ಜನ ಹಬ್ಬದ ಹಾಗೆ ನೋಡುತ್ತಿದ್ದರು. ಅಪ್ಪನಿಗೆ ಆಗ ಇಪ್ಪತ್ತೆರಡು. ನೋಡಲು ಹೋಗಬೇಕೆಂದು ಆಸೆಪಟ್ಟು ಬಸ್ಸಿಗೆ ದುಡ್ಡು ಸಾಲದೆ ಉಳಿದಿದ್ದರಂತೆ. "ಹೋಗದೇ ಇದ್ದದ್ದೇ ಒಳ್ಳೇದಾಯ್ತು ಬಿಡು" ಅಂದರು ಆನೆಯ ಆವರಣದ ಮುಂದೆ ನಿಂತು. ಒಂದು ನಿಮಿಷ ಬಿಟ್ಟು, "ಆದ್ರೂ ನೋಡ್ಬೇಕಿತ್ತು" ಅಂತಲೂ ಅಂದರು.

ಅಲ್ಲೇ ಪುಟ್ಟ, "ಇದರಲ್ಲಿ ಅಭಿಮನ್ಯು ಯಾವುದು?" ಅಂತ ಕೇಳಿದ. ತುಂಬ ಜನ ಹೀಗೇ ತಿಳಿದುಕೊಂಡಿದ್ದಾರೆ. ದಸರಾ ಅಂಬಾರಿ ಆನೆಗಳು ಜೂನವು ಅಲ್ಲ. ಅವು ಕಾಡಿನ ಆನೆ ಶಿಬಿರಗಳಿಂದ ಬರುತ್ತವೆ, ಅಭಿಮನ್ಯು ಮತ್ತಿಗೋಡಿನವನು. ಹಬ್ಬ ಮುಗಿದ ಮೇಲೆ ಲಾರಿ ಹತ್ತಿ ವಾಪಸ್.

ಗೊರಿಲ್ಲಾ ಹತ್ತಿರ ನಾನು ಬೇಕೆಂದೇ ಜಾಸ್ತಿ ಹೊತ್ತು ನಿಂತೆ. ನಮ್ಮ ಕಾಲದ ಗೊರಿಲ್ಲಾ ಪೋಲೊ. 1995ರಲ್ಲಿ ಡಬ್ಲಿನ್ ಜೂನಿಂದ ಬಂದವನು. ಇಡೀ ದೇಶಕ್ಕೆ ಅವನೊಬ್ಬನೇ ಗೊರಿಲ್ಲಾ. ನಮ್ಮ ಸ್ಕೂಲಿನ ಹುಡುಗರು ಎದೆ ಬಡಿದುಕೊಂಡು ಅವನನ್ನು ಅಣಕಿಸುತ್ತಿದ್ದರು. ಅವನು ಬೆನ್ನು ತಿರುಗಿಸಿ ಕೂರುತ್ತಿದ್ದ. ಜೊತೆಗೊಂದು ಹೆಣ್ಣು ತರಲು ಎಷ್ಟೋ ವರ್ಷ ಪ್ರಯತ್ನಪಟ್ಟರು, ಆಗಲಿಲ್ಲ. 2014ರಲ್ಲಿ ಒಬ್ಬನೇ ಇದ್ದು ಸತ್ತ. ಊರಿಗೆ ಫೋನ್ ಮಾಡಿದಾಗ ಅಮ್ಮ ಮೊದಲು ಹೇಳಿದ ಸುದ್ದಿ ಅದೇ: "ಪೋಲೊ ಹೋಗ್ಬಿಟ್ಟ ಕಣೇ." ನೆರೆಮನೆಯವರು ಹೋದ ಹಾಗೆ.

ಈಗಿರುವವರು ತಾಬೊ ಮತ್ತು ಡೆಂಬಾ, 2021ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಿಂದ ಬಂದ ಅಣ್ಣತಮ್ಮ. ಇಬ್ಬರೂ ಗಂಡು. "ಎರಡೂ ಗಂಡು ತಂದರೆ ಮರಿ ಹೇಗಾಗುತ್ತೆ, ಬುದ್ಧಿ ಇಲ್ವಾ ಇವ್ರಿಗೆ?" ಅಂತ ಪಕ್ಕದಲ್ಲಿ ಒಬ್ಬರು ದೊಡ್ಡದಾಗಿ ಹೇಳುತ್ತಿದ್ದರು. ಆ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಇನ್ನರ್ಧ ಏನು ಅಂದರೆ, ಗೊರಿಲ್ಲಾ ಸಂಸಾರದಲ್ಲಿ ಒಬ್ಬ ಯಜಮಾನ, ಅವನ ಸುತ್ತ ಹಲವು ಹೆಣ್ಣು. ಹುಟ್ಟುವ ಮರಿಗಳಲ್ಲಿ ಮಾತ್ರ ಗಂಡು ಹೆಣ್ಣು ಸರಿಸುಮಾರು ಸಮ. ಹಾಗಾಗಿ ಬೆಳೆದ ಗಂಡುಗಳಿಗೆ ಮನೆಯಲ್ಲಿ ಜಾಗ ಇರುವುದಿಲ್ಲ. ಕಾಡಿನಲ್ಲೂ ಅವು ಹೊರಗೆ ಬೀಳುತ್ತವೆ. ಯುರೋಪಿನ ಜೂಗಳಿಗೆ ಇದೇ ದೊಡ್ಡ ತಲೆನೋವು. ಅಂಥ ಗಂಡುಗಳಿಗೆ ಒಂದು ಒಳ್ಳೆ ಮನೆ ಕೊಡುವುದೂ ಆ ತಳಿಯನ್ನು ಕಾಪಾಡುವ ಕೆಲಸದ ಒಂದು ತುಂಡು. ಪೋಲೊನ ಹಾಗೆ ಒಂಟಿಯಾಗಿರುವುದಕ್ಕಿಂತ ತಮ್ಮನ ಜೊತೆ ಜಗಳವಾಡಿಕೊಂಡು ಇರುವುದು ಮೇಲು. ನಾವು ನೋಡುವಾಗ ಒಬ್ಬ ಸೊಪ್ಪಿನ ಕಟ್ಟು ಬಿಡಿಸಿ, ಎಲೆ ಒಂದೊಂದೇ ತಿನ್ನುತ್ತಿದ್ದ. ಇನ್ನೊಬ್ಬ ಹಿಂದಿನಿಂದ ಬಂದು ಕಟ್ಟನ್ನೇ ಎತ್ತಿಕೊಂಡು ಹೋದ. ಪುಟ್ಟನಿಗೆ ಅವನ ಮನೆಯಲ್ಲಿರುವ ತಮ್ಮ ನೆನಪಾದ ಅಂತ ಕಾಣುತ್ತದೆ, ಗೊರಿಲ್ಲಾ ಪರವಾಗಿ ಸಿಟ್ಟಾದ.

ಆದರೂ ಒಂದು ಮಾತು ಹೇಳಬೇಕು. ಗೊರಿಲ್ಲಾ, ಮಲೇಷ್ಯಾ ಮತ್ತು ಸಿಂಗಪುರದಿಂದ ಬಂದ ಒರಾಂಗುಟಾನ್, ದಕ್ಷಿಣ ಆಫ್ರಿಕಾದಿಂದ 2020ರಲ್ಲಿ ತಂದ ಚೀತಾಗಳು, ಇವೆಲ್ಲ ಜನರನ್ನು ಗೇಟಿನೊಳಗೆ ಎಳೆಯುವ ಪ್ರಾಣಿಗಳು. ಅದರಲ್ಲಿ ತಪ್ಪೇನಿಲ್ಲ. ಗೇಟಿನಲ್ಲಿ ಬೀಳುವ ದುಡ್ಡಿನಲ್ಲೇ ಮೇವು, ಮಾಂಸ, ಸಂಬಳ ಎಲ್ಲ ನಡೆಯಬೇಕು. ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿದಾಗ ಆ ಕಷ್ಟ ಊರಿಗೆಲ್ಲ ಗೊತ್ತಾಯಿತು. ಜನ ಬರದಿದ್ದರೂ ಹುಲಿಗೆ ಊಟ ಬೇಕಲ್ಲ.

(ಚೀತಾ ಮತ್ತು ಚಿರತೆ ಒಂದೇ ಅಂದುಕೊಂಡವರಿಗೆ ಒಂದು ಸಣ್ಣ ಪಾಠ. ಚಿರತೆಯ ಮೈಮೇಲೆ ಹೂವಿನ ಹಾಗೆ ಉಂಗುರ, ಚೀತಾಗೆ ತುಂಬಿದ ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಅತ್ತ ಹಾಗೆ ಕಪ್ಪು ಗೆರೆ. ನಮ್ಮ ಹಳಬರು ಚೀತಾವನ್ನು ಸಿವಂಗಿ ಅನ್ನುತ್ತಿದ್ದರು. ಹೆಸರು ಉಳಿಯಿತು, ಪ್ರಾಣಿ ಹೋಯಿತು. 1952ರಲ್ಲಿ ಇದು ಭಾರತದಲ್ಲಿ ನಿರ್ನಾಮ ಅಂತ ಸರ್ಕಾರವೇ ಹೇಳಿತು.)

ಬಿಳಿ ಹುಲಿಯ ಬಗ್ಗೆ ನನ್ನ ತಕರಾರು ಬೇರೆ. ಎಲ್ಲ ಊರುಗಳ ಜೂಗಳಿಗೂ ಸೇರಿಸಿ ಹೇಳುತ್ತಿದ್ದೇನೆ. ಜನ ಮುಗಿಬಿದ್ದು ನೋಡುತ್ತಾರೆ, ಅಪರೂಪದ ಜಾತಿ ಅಂದುಕೊಳ್ಳುತ್ತಾರೆ. ಬೇರೆ ಜಾತಿ ಏನೂ ಅಲ್ಲ, ಬಣ್ಣ ಕಳೆದುಕೊಂಡ ಮಾಮೂಲಿ ಹುಲಿ. 1951ರಲ್ಲಿ ರೇವಾದಲ್ಲಿ ಸಿಕ್ಕ ಮೋಹನ್ ಅನ್ನುವ ಒಂದು ಮರಿಯಿಂದ ಶುರುವಾದ ವಂಶ. ಬಣ್ಣ ಉಳಿಸಲು ಹತ್ತಿರದ ಸಂಬಂಧದಲ್ಲೇ ಕೂಡಿಸಿ ಕೂಡಿಸಿ, ಮೆಳ್ಳೆಗಣ್ಣು, ವಕ್ರ ಬೆನ್ನು ಅಂತ ನೂರೆಂಟು ಕಾಯಿಲೆ. ಚೆಂದಕ್ಕೆ ಸಾಕುವುದು ಮತ್ತು ಉಳಿಸಲು ಸಾಕುವುದು ಬೇರೆ ಬೇರೆ ಅಂತ ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಪುಟ್ಟನಿಗೆ ಹೇಳಿದೆ. ಅವನು ಪೂರ್ತಿ ಕೇಳಿ, "ಆದ್ರೂ ಚೆನ್ನಾಗಿದೆ ಅಲ್ವಾ?" ಅಂದ. ಹೌದು, ಚೆನ್ನಾಗಿದೆ.

ಈ ವಿಮರ್ಶೆ ಬರೆಯಲು ಕಾರಣವಾದದ್ದು ಇನ್ನೊಂದು ಜಾಗ. ಸಿಂಗಳೀಕದ ಆವರಣ.

ಜನ ಅದನ್ನು ದಾಟಿಕೊಂಡು ಹೋಗುವುದನ್ನು ನೋಡಬೇಕು. "ಅಯ್ಯೋ, ಕೋತಿ, ಬಾ ಬಾ" ಅಂತ ಮಕ್ಕಳನ್ನು ಎಳೆದುಕೊಂಡು ಹೊರಡುತ್ತಾರೆ. ನಮ್ಮ ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಗೂ ಇದಕ್ಕೂ ಸಂಬಂಧ ಇದೆ, ಆದರೆ ಬದುಕು ಬೇರೆ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಜೂಲು, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ಎಲ್ಲೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು, ಅಷ್ಟೇ. ನಮ್ಮ ಕಡೆ ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಇವುಗಳಿಗೆಂದೇ ಕಾಡು ಮೀಸಲಿಟ್ಟಿದ್ದಾರೆ. ಇವು ನೆಲಕ್ಕೆ ಇಳಿಯುವುದೇ ಅಪರೂಪ. ಮರದ ಮೇಲೇ ಊಟ, ಮರದ ಮೇಲೇ ನಿದ್ದೆ. ಮಧ್ಯೆ ಒಂದು ರಸ್ತೆ ಬಂದು ಮೇಲಿನ ಕೊಂಬೆ ಕೊಂಬೆಗೆ ತಾಕದೇ ಹೋದರೆ ಆ ಕಡೆಯ ಗುಂಪಿಗೂ ಈ ಕಡೆಯ ಗುಂಪಿಗೂ ಸಂಬಂಧ ತಪ್ಪಿಹೋಗುತ್ತದೆ. ಮರಿ ಹಾಕುವುದೂ ನಿಧಾನ, ಒಂದು ಸಲಕ್ಕೆ ಒಂದೇ. ಅಣೆಕಟ್ಟು, ತೋಟ, ಕರೆಂಟು ಲೈನು ಬಂದ ಕಡೆಯೆಲ್ಲ ಇವು ತುಂಡು ತುಂಡಾಗಿ ಉಳಿದಿವೆ.

ಒಬ್ಬ ಪ್ರಾಣಿಪಾಲಕರು ಬಕೆಟ್ ಹಿಡಿದುಕೊಂಡು ಬಂದರು. ಕತ್ತರಿಸಿದ ಸೌತೆಕಾಯಿ, ಕ್ಯಾರೆಟ್, ಬಾಳೆಹಣ್ಣು, ನೆನೆಸಿದ ಕಾಳು. ಒಂದೇ ಕಡೆ ಸುರಿಯಲಿಲ್ಲ. ಕೊಂಬೆಯ ಸಂದಿಯಲ್ಲಿ ಸ್ವಲ್ಪ, ಮರದ ದಿಮ್ಮಿಯ ತೂತಿನಲ್ಲಿ ಸ್ವಲ್ಪ, ಎತ್ತರದಲ್ಲಿ ಕಟ್ಟಿದ್ದ ಬುಟ್ಟಿಯಲ್ಲಿ ಸ್ವಲ್ಪ. ನಾನು ಕೇಳಿದೆ, "ಯಾಕೆ ಬಚ್ಚಿಡ್ತೀರಾ?"

"ಹುಡುಕಲಿ ಮೇಡಂ. ಸುಮ್ನೆ ತಟ್ಟೇಲಿ ಹಾಕ್ಕೊಟ್ರೆ ಹತ್ತು ನಿಮಿಷಕ್ಕೆ ತಿಂದ್ಬಿಟ್ಟು ಆಮೇಲೆ ಇಡೀ ದಿನ ಏನ್ ಮಾಡ್ತವೆ? ಒಂದಕ್ಕೊಂದು ಕಿತ್ತಾಡ್ತವೆ ಅಷ್ಟೆ."

ದೊಡ್ಡ ಗಂಡು ಮೊದಲು ಇಳಿದು ಬಂತು. ತಿನ್ನಲಿಲ್ಲ, ಗಲ್ಲದ ಚೀಲಕ್ಕೆ ತುಂಬಿಕೊಂಡಿತು. ಎರಡೂ ಕೆನ್ನೆ ಊದಿ, ವೀಳ್ಯ ಹಾಕಿಕೊಂಡ ನಮ್ಮ ದೊಡ್ಡಜ್ಜಿಯ ಹಾಗೆ ಕಂಡಿತು. ಹೊಟ್ಟೆಗೆ ಮರಿ ಕಚ್ಚಿಸಿಕೊಂಡ ಒಂದು ಹೆಣ್ಣು ದಿಮ್ಮಿಯ ತೂತಿಗೆ ಬೆರಳು ಹಾಕಿ ಕಾಳು ಒಂದೊಂದಾಗಿ ತೆಗೆಯಿತು. ನಾಲ್ಕನೇ ಕಾಳು ಸಿಗಲಿಲ್ಲ. ಕೈ ತೆಗೆದು, ಒಂದು ಕಡ್ಡಿ ಹುಡುಕಿ, ಮತ್ತೆ ಹಾಕಿತು. ಪುಟ್ಟ ಉಸಿರು ಬಿಡದೆ ನೋಡುತ್ತಿದ್ದ. ಆ ಕಾಳು ಹೊರಗೆ ಬಂದಾಗ ಅವನು ಚಪ್ಪಾಳೆ ತಟ್ಟಲು ಹೋದ, ಅಪ್ಪ ಕೈ ಹಿಡಿದರು. ಅಷ್ಟರಲ್ಲಿ ನಮ್ಮ ಹಿಂದೆ ನಲವತ್ತು ಜನರಾದರೂ ದಾಟಿ ಹೋಗಿದ್ದರು.

ಮೈಸೂರು ಜೂ ಜಗತ್ತಿಗೆ ಬೇಕಾಗಿರುವುದು ಇಲ್ಲಿ. ಜಿರಾಫೆ ನಾಳೆ ಇಲ್ಲಿಲ್ಲದಿದ್ದರೂ ಬೇರೆ ನೂರು ಕಡೆ ಇರುತ್ತದೆ. ಸಿಂಗಳೀಕ, ಕಾಟಿ, ತೋಳ, ಸೀಳುನಾಯಿ, ಇವು ನಮ್ಮ ಮನೆಯ ಪ್ರಾಣಿಗಳು. ಇವುಗಳ ತಳಿ ಬೆಳೆಸುವ ಕೆಲಸವನ್ನು ಮೈಸೂರು ಜೂ ವಹಿಸಿಕೊಂಡಿದೆ. ಸುಮ್ಮನೆ ಗಂಡು ಹೆಣ್ಣು ಬಿಟ್ಟರೆ ಆಗುವುದಿಲ್ಲ. ಯಾವುದಕ್ಕೆ ಯಾವುದು ಅಣ್ಣ, ಯಾವುದು ಚಿಕ್ಕಪ್ಪ ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಸ್ಟಡ್‌ಬುಕ್ ಅನ್ನುತ್ತಾರೆ ಅದಕ್ಕೆ. ನಮ್ಮಲ್ಲಿ ಹೆಣ್ಣು ನೋಡುವಾಗ ಗೋತ್ರ ಕೇಳುತ್ತಾರಲ್ಲ, ಅದೇ ಲೆಕ್ಕ. ಆ ಪುಸ್ತಕ ತಪ್ಪಿದರೆ ಬಿಳಿ ಹುಲಿಯ ಗತಿ.

ಸೀಳುನಾಯಿಯ ಮುಂದೆ ಪುಟ್ಟ ಇನ್ನೊಂದು ಪ್ರಶ್ನೆ ಹಾಕಿದ, "ಬೀದಿ ನಾಯಿ ಥರಾನೇ ಇದೆ, ಇದಕ್ಕೆ ಯಾಕೆ ಟಿಕೆಟ್?" ಕೆಂಪು ಮೈ, ಕಪ್ಪು ಪೊದೆ ಬಾಲ, ಬಿಟ್ಟರೆ ನಿಜಕ್ಕೂ ಹಾಗೇ ಕಾಣುತ್ತದೆ. ಅಲ್ಲಿದ್ದ ಸಿಬ್ಬಂದಿಯೊಬ್ಬರು ನಕ್ಕು, "ಇವು ಶಿಳ್ಳೆ ಹಾಕಿ ಒಂದನ್ನೊಂದು ಕರೀತವೆ ಮರಿ, ನಿಮ್ ಬೀದಿ ನಾಯಿಗೆ ಬರುತ್ತಾ?" ಅಂದರು. ಅವರೇ ಒಂದು ಶಿಳ್ಳೆ ಹಾಕಿ ತೋರಿಸಿದರು. ಒಂದು ಸೀಳುನಾಯಿ ಕಿವಿ ನಿಮಿರಿಸಿ ನಮ್ಮ ಕಡೆ ನೋಡಿತು. ಅಲ್ಲಿಗೆ ಪುಟ್ಟ ಖಾಲಿ. ದಿನ ಪೂರ್ತಿ ಶಿಳ್ಳೆ.

ಬ್ರಿಟಿಷರ ಕಾಲದಲ್ಲಿ ಸೀಳುನಾಯಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಜಿಂಕೆ ತಿಂದು ಸಾಹೇಬರ ಶಿಕಾರಿ ಕೆಡಿಸುತ್ತದೆ ಅಂತ. ಈಗ ಅದೇ ಪ್ರಾಣಿಗೆ ಬಂಡೀಪುರ, ನಾಗರಹೊಳೆಯ ಕಾಡುಗಳೇ ಗಟ್ಟಿ ನೆಲೆ. ಮಹಾರಾಜರು ಬೇಟೆಯಾಡುತ್ತಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು.

ಜೂನ ಇನ್ನೊಂದು ಭಾಗ ಟಿಕೆಟ್ ತೆಗೆದುಕೊಂಡರೂ ಸಿಗುವುದಿಲ್ಲ. ಊರಾಚೆ ಕೂರ್ಗಳ್ಳಿಯಲ್ಲಿರುವ ಪುನರ್ವಸತಿ ಕೇಂದ್ರ. ನೂರು ಎಕರೆ ಮೀರಿದ ಜಾಗ, ಪ್ರವಾಸಿಗರಿಗೆ ಪ್ರವೇಶ ಇಲ್ಲ. ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆ ಹುಲಿ ಹಿಡಿದರು ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಆಮೇಲೆ ಆ ಹುಲಿ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಎಷ್ಟೋ ಸಲ ಅದು ಬರುವುದು ಇಲ್ಲಿಗೆ. ಸಾಮಾನ್ಯವಾಗಿ ವಯಸ್ಸಾದದ್ದು, ಕೋರೆಹಲ್ಲು ಮುರಿದದ್ದು, ಬೇರೆ ಹುಲಿಯ ಜೊತೆ ಕಾದಾಡಿ ಜಾಗ ಕಳೆದುಕೊಂಡದ್ದು. ಜಿಂಕೆ ಹಿಡಿಯಲು ಆಗದೆ ಊರಿನ ದನಕ್ಕೆ ಬಂದಿರುತ್ತದೆ. ವಾಪಸ್ ಕಾಡಿಗೆ ಬಿಟ್ಟರೆ ಮತ್ತೆ ಅದೇ ಕಥೆ. ನಮ್ಮ ಅಮ್ಮನ ತವರು ಮಂಡ್ಯದ ಕಡೆ. ಅಲ್ಲಿ ಕಬ್ಬು ಕಡಿಯುವಾಗ ಚಿರತೆ ಮರಿ ಸಿಗುವುದು ಮಾಮೂಲು. ಗೊತ್ತಿದ್ದವರು ಮುಟ್ಟುವುದಿಲ್ಲ. ಇಲಾಖೆಯವರು ಬಂದು ಸಿಕ್ಕಿದ ಜಾಗದಲ್ಲೇ ಬುಟ್ಟಿಯಲ್ಲಿಟ್ಟು ರಾತ್ರಿ ತಾಯಿ ಬಂದು ಎತ್ತಿಕೊಂಡು ಹೋಗಲಿ ಅಂತ ಕಾಯುತ್ತಾರೆ. ತಾಯಿ ಬರದಿದ್ದರೆ ಮಾತ್ರ ಮರಿ ಜೂ ಕಡೆಗೆ. ಬಾಟಲಿ ಹಾಲು ಕುಡಿದು ಬೆಳೆದ ಚಿರತೆಗೆ ಮನುಷ್ಯನ ಹೆದರಿಕೆ ಇರುವುದಿಲ್ಲ, ಅದನ್ನು ಬಿಡುವ ಹಾಗೂ ಇಲ್ಲ.

ನನಗೆ ಅಧಿಕಾರ ಇದ್ದಿದ್ದರೆ ಜಿರಾಫೆಗಿಂತ ಮೊದಲು ಗೇಟಿನಲ್ಲೇ ಈ ಕೂರ್ಗಳ್ಳಿಯ ಕಥೆ ಹೇಳಿಸುತ್ತಿದ್ದೆ. ನಿಮ್ಮ ಟಿಕೆಟ್ಟಿನ ದುಡ್ಡು ಹಲ್ಲು ಮುರಿದ ಒಂದು ಮುದಿ ಹುಲಿಯ ಊಟಕ್ಕೂ ಹೋಗುತ್ತದೆ ಅಂತ.

ಬೇಸರದ ಸಂಗತಿಗಳೂ ಇವೆ, ಆದರೆ ಅವು ಜನರದ್ದು. ಹುಲಿ ಮುಂದೆ ಶಿಳ್ಳೆ (ಪುಟ್ಟನದ್ದಲ್ಲ, ದೊಡ್ಡವರದ್ದು), ಮಲಗಿದ ಕರಡಿಗೆ "ಏಯ್", ಒಂದು ಮಗುವನ್ನು ಕಟಕಟೆ ಮೇಲೆ ನಿಲ್ಲಿಸಿ ಸೆಲ್ಫಿ. ಪ್ರಾಣಿಗೆ ತಿನ್ನಲು ಕೊಡಬಾರದು ಅಂತ ಬರೆದಿದ್ದರೂ ಕಡಲೆಕಾಯಿ ಎಸೆಯುವ ಕೈಗಳು. ಒಬ್ಬರಿಗೆ ಅಪ್ಪ ಹೇಳಿದರು, "ಸ್ವಾಮಿ, ನಿಮಗೆ ಶುಗರ್ ಇದ್ದಾಗ ಯಾರಾದ್ರೂ ಮೈಸೂರ್ ಪಾಕ್ ಎಸೆದರೆ ಹೇಗಿರುತ್ತೆ?" ಅವರು ಎಸೆಯುವುದು ನಿಲ್ಲಿಸಿದರು. ಅಪ್ಪನ ಜೇಬಿನ ಚಿಪ್ಸ್ ವಿಷಯ ನಾನು ಎತ್ತಲಿಲ್ಲ.

ಬಿಸಿಲು ಏರಿದ ಮೇಲೆ ಕಾರಂಜಿ ಕೆರೆ ಕಡೆ ನಡೆದೆವು. ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಇವನ್ನು ಯಾರೂ ತಂದು ಬಿಟ್ಟದ್ದಲ್ಲ, ತಾವಾಗಿ ಬಂದು ಗೂಡು ಕಟ್ಟಿದವು. ಒಳಗೇ ನಡೆದು ಹೋಗಬಹುದಾದ ದೊಡ್ಡ ಪಕ್ಷಿಮನೆಯೂ ಇಲ್ಲಿದೆ. ಬಂದ ಹಕ್ಕಿಗಳಿಂದ ಕಷ್ಟವೂ ಉಂಟು. 2017ರ ಜನವರಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಜೂ ಒಂದು ತಿಂಗಳು ಮುಚ್ಚಿತ್ತು. ಆಗ ನಾನು ಸಂಕ್ರಾಂತಿಗೆ ಊರಿಗೆ ಬಂದಿದ್ದೆ. ಗೇಟಿನ ಮುಂದೆ ಚುರುಮುರಿಯವರೂ ಇಲ್ಲ, ಆಟೋ ಇಲ್ಲ. ರಸ್ತೆ ಅಷ್ಟು ಖಾಲಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಬೆಳಗಿನ ಜಾವದ ಸಿಂಹ ಮಾತ್ರ ತಪ್ಪಿಸಲಿಲ್ಲ.

ಒಟ್ಟು ನಾಲ್ಕು ಗಂಟೆ ಹಿಡಿಯಿತು. ಚಿಕ್ಕ ಮಕ್ಕಳಿದ್ದರೆ ಪೂರ್ತಿ ಸುತ್ತುವ ಹಟ ಬೇಡ. ಜಿರಾಫೆ, ಆನೆ, ಗೊರಿಲ್ಲಾ ನೋಡಿ, ಉಳಿದ ಹೊತ್ತನ್ನು ಯಾವುದಾದರೂ ಒಂದೇ ಆವರಣದ ಮುಂದೆ ಕಳೆಯಿರಿ, ಅದಕ್ಕೆ ಊಟ ಕೊಡುವ ಹೊತ್ತು ಸಿಕ್ಕರೆ ಅದೃಷ್ಟ. ದೊಡ್ಡ ಮಕ್ಕಳಿಗೆ ಜೂನ ಯೂತ್ ಕ್ಲಬ್ ಇದೆ, ಬೇಸಿಗೆ ಶಿಬಿರವೂ ನಡೆಯುತ್ತದೆ. ಮೈಸೂರಿನಲ್ಲೇ ಇದ್ದರೆ ಸೇರಿಸಿ.

ಮನೆಗೆ ಬಂದ ಮೇಲೆ ಪುಟ್ಟನಿಗೆ ದತ್ತು ಯೋಜನೆಯ ವಿಷಯ ಹೇಳಿದೆ. ಒಂದು ಪ್ರಾಣಿಯ ಖರ್ಚನ್ನು ಇಷ್ಟು ಕಾಲ ಅಂತ ನಾವು ಕೊಡಬಹುದು. ಆನೆಗೂ ಇದೆ, ಪುಟಾಣಿ ಹಕ್ಕಿಗೂ ಇದೆ. ಕೋವಿಡ್ ವರ್ಷ ನಾನೂ ಒಂದು ಹಕ್ಕಿ ತಗೊಂಡಿದ್ದೆ. ಅದರ ಪ್ರಮಾಣಪತ್ರ ಇನ್ನೂ ಅಪ್ಪನ ಬೀರುವಿನಲ್ಲಿದೆ, ನನ್ನ ಡಿಗ್ರಿ ಸರ್ಟಿಫಿಕೇಟ್ ಜೊತೆ. ಪುಟ್ಟ ಒಳಗೆ ಓಡಿ ತನ್ನ ಹುಂಡಿ ತಂದು, ನೆಲದ ಮೇಲೆ ಸುರಿದು, ಎರಡು ಸಲ ಎಣಿಸಿದ. ಅವನಿಗೆ ಬೇಕಾದದ್ದು ಸೀಳುನಾಯಿ. ಮೊಬೈಲಿನಲ್ಲಿ ಅದರ ದರ ತೋರಿಸಿದೆ. ಅವನು ತನ್ನ ನಾಣ್ಯದ ರಾಶಿ ನೋಡಿದ, ಒಂದು ಸಣ್ಣ ಶಿಳ್ಳೆ ಹಾಕಿದ, ಆಮೇಲೆ ನಿಧಾನಕ್ಕೆ ತಾತನ ಕಡೆ ತಿರುಗಿದ.

ಅಪ್ಪ ಪೇಪರ್ ಮುಖದ ಮೇಲೆ ಎತ್ತಿಕೊಂಡರು.